ಕಿತೂರು, ಸವದತಿ, ರಾಮದುಗ

ಮೂರು ಹಾರ ಹಾಕಿಸಿಕೊಂಡು ನಾಲ್ಕನೆಯದಕ್ಕೆ ಕೊರಳು ಚಾಚಿರುವ ಘನ ಅಧ್ಯಕ್ಷರಾದ ಮಹಾಂತಪ್ಪನವರೇ, ವೇದಿಕೆಯ ಮೇಲಿನ ಸಮಸ್ತ ಗಣ್ಯರೇ, ಕುರ್ಚಿ ಸಾಲದೆ ಕೆಳಗುಳಿದ ಅಷ್ಟೇ ಗಣ್ಯರೇ, ಇಂದಿನ ಸನ್ಮಾನಿತರಾದ ದೇವಕ್ಕನವರೇ, ಉಪ್ಪಿಟ್ಟಿನ ವಾಸನೆ ಬಂದರೂ ಎದ್ದು ಹೋಗದ ಬೈಲಹೊಂಗಲದ ಮಹಾಸಭಿಕರೇ,

ದೇವಕ್ಕನವರ ಲಗ್ನಪತ್ರಿಕೆ ಅಂಗಡಿಯ ಪಕ್ಕದಲ್ಲಿ ಮೊಬೈಲ್ ರಿಪೇರಿ ಮಾಡುವ ಪರಶು ನಾನು. ಅವರ ಬಗ್ಗೆ ಮಾತಾಡಲು ನನಗಿಂತ ಅರ್ಹರು ಬಹಳ ಜನರಿದ್ದಾರೆ. ಆದರೆ ಆ ದಿನ ಅಂಗಡಿಯಲ್ಲಿ ಇದ್ದವನು ನಾನೊಬ್ಬನೇ.

ಆ ದಿನ ಆದದ್ದಾದರೂ ಏನು? ಅವರ ಕಂಪ್ಯೂಟರಿನಲ್ಲಿ ಇದ್ದುದು ದೇಶವಿದೇಶದ ಪುಣ್ಯವಂತರು ಸೇರಿ ಕಟ್ಟಿ, ಪುಕ್ಕಟೆ ಹಂಚಿದ ಮುಕ್ತ ತಂತ್ರಾಂಶ. ಒಂದು ಮುಂಜಾನೆ ಅದು ಒತ್ತಕ್ಷರಗಳನ್ನೆಲ್ಲ ನುಂಗಿಬಿಟ್ಟಿತು. ಸಭಿಕರೇ, ನಮ್ಮ ಸೀಮೆಯಲ್ಲಿ ಒತ್ತಿಲ್ಲದೆ ಯಾರ ಬಾಳು ನಡೆದೀತು? ಕಟಕೋಳದ ಶಟ್ಟೆಪ್ಪನವರ ಮಗಳ ಪತ್ರಿಕೆಯಲ್ಲಿ ಶಟ್ಟೆಪ್ಪನವರು ಶಟೆಪನವರಾದರು, ಬೀಗರಾದ ನಿಜಗುಣಪ್ಪನವರು ನಿಜಗುಣಪನವರಾದರು. ಕಿತ್ತೂರು ಕಿತೂರಾಯಿತು, ಸವದತ್ತಿ ಸವದತಿಯಾಯಿತು, ರಾಮದುರ್ಗ ರಾಮದುಗವಾಯಿತು. ಒತ್ತಿನ ಹಂಗಿಲ್ಲದ ನಮ್ಮ ಬೈಲಹೊಂಗಲವೊಂದೇ ತಲೆಯೆತ್ತಿ ನಿಂತಿತು. ಚಪ್ಪಾಳೆಗೆ ಊರಿನ ಪರವಾಗಿ ವಂದನೆಗಳು.

ಅಷ್ಟರಲ್ಲಿ ಶಟ್ಟೆಪ್ಪನವರೇ ಬಂದರು. "ಬೀಗರ ಹೆಸರು ತಪ್ಪಿ ಹೋತಂದ್ರ ಲಗ್ನಾನ ನಿಂದ್ರತೈತಿ, ಅಕ್ಕಾರ. ನಾಳಿ ಸಂಜಿ ಬಸ್ಸಿಗೆ ನಾನೂರು ಪತ್ರಿಕಿ ಬೇಕು." ದೇವಕ್ಕನವರು ಹದಿನೆಂಟು ವರ್ಷದಿಂದ ಗಳಿಸಿದ ಹೆಸರು ಆ ಬಸ್ಸಿಗೆ ಜೋತುಬಿತ್ತು.

ತಂತ್ರಾಂಶದವರ ಸಹಾಯದ ತಾಣಕ್ಕೆ ದೇವಕ್ಕ ಬರೆದರು: "ಒತ್ತು ಬರವಲ್ದು." ನೀವು ಏನನ್ನು ಒತ್ತಿದಿರಿ ಎಂದು ಉತ್ತರ ಬಂತು. "ನಾ ಏನೂ ಒತ್ತಿಲ್ರಿ" ಎಂದರು. ಒತ್ತದೆ ಹೇಗೆ ಬಂದೀತು ಎಂದು ಮರುಪ್ರಶ್ನೆ. ಇನ್ನೊಬ್ಬ ವಿದ್ವಾಂಸ ಯಾವ ಲೈಬ್ರರಿ ಎಂದು ಕೇಳಿದ. ತಾಲೂಕು ಲೈಬ್ರರಿ, ಸೋಮವಾರ ಬಂದ್ ಎಂದು ದೇವಕ್ಕ ಪ್ರಾಮಾಣಿಕವಾಗಿ ತಿಳಿಸಿದರು. ಮೂರನೆಯವ ಟರ್ಮಿನಲ್ ತೆರೆಯಿರಿ ಎಂದ. ನಮ್ಮ ಬಸ್‌ಸ್ಟ್ಯಾಂಡ್ ಯಾವಾಗಲೂ ತೆರೆದೇ ಇರುತ್ತದೆ ಎಂದು ನಾನೇ ಬರೆಸಿದೆ. ಲೈಬ್ರರಿ, ಟರ್ಮಿನಲ್ ಎರಡೂ ಕಂಪ್ಯೂಟರಿನ ಒಳಗೇ ಇರುತ್ತವೆಂದು ಆಗ ನಮಗೆ ಯಾರು ಹೇಳಬೇಕು? ನಾಲ್ಕನೆಯವ ಆರುನೂರು ಪುಟದ ಇಂಗ್ಲಿಷ್ ಕೈಪಿಡಿ ಕಳಿಸಿ, ಮೊದಲು ಓದಿ ಎಂದ. ಕೊನೆಗೆ ಒಂದು ಸಾಲು: ಪ್ರಶ್ನೆ ಅಸ್ಪಷ್ಟ, ಮುಚ್ಚಲಾಗಿದೆ.

ದೇವಕ್ಕ ಪರದೆಯನ್ನೇ ದಿಟ್ಟಿಸಿದರು. "ಮುಚ್ಚಾಕ ಇದೇನ್ ಅವರಪ್ಪನ ಅಂಗಡಿ ಏನೋ, ಪರಶ್ಯಾ?"

ಮತ್ತೆ ಆ ತಾಣದ ಕಡೆ ತಿರುಗಲಿಲ್ಲ. ಪತ್ರಿಕೆಗಳನ್ನು ಹಾಗೆಯೇ ಅಚ್ಚು ಹಾಕಿ, ಕರಿ ಪೆನ್ನು ಹಿಡಿದು ಒಂದೊಂದೇ ಒತ್ತು ಬರೆಯಲು ಕುಳಿತರು. ಮರುದಿನ ಸಂಜೆ ಬಸ್ಸು ಹೊರಡುವಾಗ ನಾನೂರನೆಯ ಪತ್ರಿಕೆಯ ಶಾಯಿ ಇನ್ನೂ ಹಸಿ ಇತ್ತು. ಬೀಗರು ಏನೆಂದರು ಗೊತ್ತೇ? "ನಮ್ಮ ಹೆಸರಿಗೆ ಕೈಲೆ ಒತ್ತು ಕೊಟ್ಟಾರಪಾ. ಮರ್ಯಾದಿ ಅಂದ್ರ ಇದು." ಅಂದಿನಿಂದ ಮನೋಳಿ ಊರಿನವರಿಗೂ ಕೈಯೊತ್ತಿನ ಪತ್ರಿಕೆಯೇ ಬೇಕು. ಕಂಪ್ಯೂಟರ್ ಸರಿಹೋದರೂ ದೇವಕ್ಕ ಪೆನ್ನು ಕೆಳಗಿಟ್ಟಿಲ್ಲ. ಇಂದಿನ ಶಾಲು ಆ ಬೆರಳುಗಳಿಗೆ.

ಕೊನೆಯದಾಗಿ, ಆ ತಾಣದ ವಿದ್ವಾಂಸರನ್ನು ಸಭೆ ಕ್ಷಮಿಸಬೇಕೆಂದು ಕೋರುತ್ತೇನೆ. ಅವರ ಮೊದಲ ಪ್ರಶ್ನೆ ಸರಿಯಾಗಿಯೇ ಇತ್ತು. ಆ ಮುಂಜಾನೆ ದೇವಕ್ಕ ಚಹಾಕ್ಕೆ ಹೋದಾಗ, ಹೊಸ ಆವೃತ್ತಿ ಬಂದಿದೆ, ಇಲ್ಲಿ ಒತ್ತಿ ಎಂದು ಪರದೆಯ ಮೇಲೆ ಮೂಡಿತ್ತು.

ಒತ್ತಿದಾಂವ ನಾನ ರೀ, ಅಕ್ಕಾರ.

ಕೇಳಿಸಿಕೊಂಡದ್ದಕ್ಕೆ ಎಲ್ಲರಿಗೂ ಧನ್ಯವಾದ, ಬಾಗಿಲ ಹತ್ತಿರ ದಾರಿ ಬಿಡುವವರಿಗೆ ವಿಶೇಷ ಧನ್ಯವಾದ. ನಮಸ್ಕಾರ.