ಅರ್ಧ ಅರ್ಥ

ಅಯ್ಯೋ ಅಪ್ಪಾ, ಆಬ್‌ಸ್ಟಿನೇಟ್ ಅಂದ್ರೆ ಹಠಮಾರಿ, ಅರ್ಥ ನೀನು ಸರಿಯಾಗೇ ಹೇಳಿದೆ. ಆದ್ರೆ ವಾಕ್ಯಕ್ಕೆ ಅಮ್ಮನ್ನೇ ಯಾಕೆ ಎಳೀತೀಯ? 'ನನ್ನ ಹೆಂಡತಿ ಆಬ್‌ಸ್ಟಿನೇಟ್' ಅಂತೆ! ಮೆಲ್ಲಗೆ ಹೇಳು, ಅಡುಗೆಮನೇಲಿದ್ರೂ ಅವಳ ಕಿವಿ ಇಲ್ಲೇ ಇರುತ್ತೆ... ನಗಬೇಡ, ನಕ್ರೆ ಕೆಮ್ಮು ಬರುತ್ತೆ. ನೋಡು, ಬಂತು. ತಗೋ ನೀರು. ಒಂದೊಂದೇ ಗುಟುಕು.

ಇವತ್ತಿಗೆ ಸಾಕು. ಬೆಳಗ್ಗೆಯೆಲ್ಲ ಆಸ್ಪತ್ರೆ ಬೆಂಚಿನ ಮೇಲೆ ಕೂತು ಬಂದಿದ್ದೀಯ, ಸ್ವಲ್ಪ ಮೈ ಚಾಚು. ಬೇಡ್ವಾ? ಇನ್ನೊಂದೇ ಒಂದು ಪದಾನಾ? ಸರಿ, ಯಾವುದು?

...ಪ್ಯಾಲಿಯೇಟಿವ್.

ಇದೆಲ್ಲಿ ಸಿಕ್ತು ನಿನಗೆ? ಡಾಕ್ಟರು ಅಂದ್ರಾ? ಹೌದಾ... ನಾನು ಗಮನಿಸ್ಲಿಲ್ಲ. ಅದು... ಅದು ನೋವು ಕಡಿಮೆ ಮಾಡೋದು. ಅಷ್ಟೇ. ನಿದ್ದೆ ಚೆನ್ನಾಗಿ ಬರುತ್ತೆ, ಊಟ ಸೇರುತ್ತೆ... ಒಳ್ಳೇ ಮಾತೇ ಅಲ್ವಾ?

ಯಾಕೆ ಹಾಗೆ ನೋಡ್ತೀಯ?

ಓ, ವಾಕ್ಯ! ಅರ್ಥ ಹೇಳಿದ್ರೆ ಅರ್ಧ ಪಾಠ, ಸ್ವಂತ ವಾಕ್ಯ ಕಟ್ಟಿದ್ರೇ ಪೂರ್ತಿ. ನಾನೇ ಮಾಡಿದ ಕಾನೂನು, ಗೊತ್ತು. ಇರು, ಕಟ್ತೀನಿ. 'ಡಾಕ್ಟರು ಅಪ್ಪನಿಗೆ...' ಬೇಡ, ಅದು ಚೆನ್ನಾಗಿಲ್ಲ. 'ಬಿಸಿನೀರಿನ ಶಾಖ ಮಂಡಿನೋವಿಗೆ ಪ್ಯಾಲಿಯೇಟಿವ್.' ಹಾಂ! ಸರಿ ತಾನೇ?

ಡಿಕ್ಷನರಿ ಪುಸ್ತಕ ಯಾಕೆ ತೆಗೀತೀಯ? ಕನ್ನಡಕ ಇಲ್ಲದೆ ಕಣ್ಣು ಹಾಳು ಮಾಡ್ಕೋಬೇಡ. ಕೊಡಿಲ್ಲಿ. ಅಪ್ಪಾ, ಕೊಡು ಅಂದೆ! ಮಗಳ ಮಾತಿಗಿಂತ ಆ ಹರಕಲು ಪುಸ್ತಕ ಹೆಚ್ಚಾಯ್ತಾ?

...ನಿನ್ನ ಕೆಲಸ ಹೋದ ದಿನ ಮರೆತಿಲ್ಲ ಅಪ್ಪಾ. ಹೇಗೆ ಮರೀಲಿ? ವೆಲ್ಡಿಂಗ್ ಮಾಡಿ ಮಾಡಿ ನೀನು ಕಣ್ಣು ಸುಟ್ಕೊಂಡೆ ಆ ಕಾರ್ಖಾನೇಲಿ. ಒಂದು ದಿನ ಮ್ಯಾನೇಜರು ಕರೆದು 'ನೀನು ರಿಡಂಡೆಂಟ್' ಅಂದ. ಬಡ್ತಿ ಸಿಕ್ತು ಅಂದ್ಕೊಂಡು ನೀನು ಥ್ಯಾಂಕ್ಯೂ ಸಾರ್ ಅಂದೆ, ಕೈ ಕುಲುಕಿದೆ. ಅಲ್ಲಿದ್ದೋರೆಲ್ಲ ಮುಖ ಮುಚ್ಕೊಂಡು ನಕ್ರು. ಗೇಟಿನ ಕಾವಲುಗಾರ ನಿನ್ನ ಪಾಸು ಕಿತ್ಕೊಂಡಾಗ್ಲೇ ತಿಳಿದಿದ್ದು, ಇನ್ನು ನೀನು ಅವರಿಗೆ ಬೇಡದವನು ಅಂತ. ಮನೆಗೆ ಬಂದವನೇ ನನ್ನ ಮುಂದೆ ಕೂತೆ. 'ದೊಡ್ಡ ದೊಡ್ಡ ಪದಾನೇ ಕಲಿಸು ಮಗಳೇ, ಇನ್ನೊಂದ್ಸಲ ಯಾರೂ ನನಗೆ ತಿಳೀದ ಮಾತಲ್ಲಿ ನನ್ನ ಕುತ್ತಿಗೆ ಕೊಯ್ಯಬಾರದು' ಅಂದೆ...

ಆದ್ರೆ ಇದು ಹಾಗಲ್ಲ ಅಪ್ಪಾ! ಆ ಮ್ಯಾನೇಜರೇ ಬೇರೆ, ಇವರೇ ಬೇರೆ. ಡಾಕ್ಟರು ಪಾಪ, ದೇವರಂಥವರು. ನಮ್ಮ ಭಾಷೇನೂ ಎಷ್ಟು ಚೆನ್ನಾಗಿ ಮಾತಾಡ್ತಾರೆ...

ಏನು?

ಹೌದು... ಹೋದ ಸಲ ನಮ್ಮ ಭಾಷೇಲೇ ಮಾತಾಡಿದ್ರು. ಇವತ್ತು ಯಾಕೆ ಬರೀ ಇಂಗ್ಲಿಷು ಅಂದ್ರೆ... ಅವಸರ ಇತ್ತೇನೋ. ನನ್ನ ಕೇಳಿದ್ರೆ? ನನಗೇನು ಗೊತ್ತು?

ಅಪ್ಪಾ.

ಏನಾದ್ರೂ ಅನ್ನು. ಬೈಯಿ. ಕೈ ಮುಗೀತೀನಿ... ಹೀಗೆ ನೋಡಿದ್ರೆ ನಾನು ಎಲ್ಲಿಗೆ ಹೋಗ್ಲಿ?

...ನಾನೇ ಹೇಳಿದ್ದು. ಹೌದು, ನಾನೇ! ನೀನು ಪರದೆ ಹಿಂದೆ ಅಂಗಿ ಗುಂಡಿ ಹಾಕ್ಕೋತಿದ್ದೆ. ನಾನು ಈಚೆ ನಿಂತು ಡಾಕ್ಟರ ಹತ್ರ ಗೋಗರೆದೆ. ಇಂಗ್ಲಿಷಲ್ಲೇ ಹೇಳಿ, ದೊಡ್ಡ ಪದದಲ್ಲಿ ಹೇಳಿ, ಅಪ್ಪನಿಗೆ ತಿಳೀಬಾರದು ಅಂದೆ. ಅವರಿಗೂ ನೀನು ಥ್ಯಾಂಕ್ಯೂ ಅಂದೆಯಲ್ಲ... ಕೈ ಕುಲುಕಿದೆಯಲ್ಲ... ನಾನು ಗೋಡೆ ಕಡೆ ತಿರುಗಿ ನಿಂತಿದ್ದೆ. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

ಗುಣ ಮಾಡೋದಲ್ಲ ಅಪ್ಪಾ. ಬರೀ ನೋವು ಕಡಿಮೆ ಮಾಡೋದು. ಗುಣ ಆಗಲ್ಲ ಅಂತ ಗೊತ್ತಾದ ಮೇಲೆ... ಕೊನೇವರೆಗೂ. ಪೂರ್ತಿ ಅರ್ಥ ಅದು.

...

ಅಮ್ಮ ಕೂಗ್ತಿದ್ದಾಳೆ. ಕೇಳಿಸ್ತಾ? ಡಾಕ್ಟರು ಏನಂದ್ರು ಅಂತ ಕೇಳ್ತಿದ್ದಾಳೆ.

ನನ್ನ ಮುಖ ನೋಡಬೇಡ. ಜೀವ ನಿನ್ನದು ಅಪ್ಪಾ... ಏನು ಹೇಳ್ಬೇಕೋ, ನೀನೇ ಹೇಳು.