ಧಣಿ ಕೈ ಹಿಡಿದ ವರ್ಷ

ಒಂದು ಮಗ್ಗದೂರು. ಅಲ್ಲೊಬ್ಬ ಶ್ರೀಮಂತ. ಊರಿನ ಬೊಕ್ಕಸ ಅವನ ಕೈಯಲ್ಲಿ, ಅಂದ್ಮೇಲೆ ಸರ್ಕಾರ ಅಂದ್ರೂ ಅವನೇ. ಕೆಟ್ಟವನಲ್ಲ, ನೋಡಿ. ಆದ್ರೆ ಕೂತಲ್ಲಿ ಕೂರೋ ಜೀವ ಅಲ್ಲ.

ಸೀರೆಗೆ ಗಿರಾಕಿಗಳು ಮುಗಿಬಿದ್ದ ವರ್ಷ. ಎಲ್ಲರಿಗೂ ಕೈತುಂಬ ಕೆಲಸ. ಇವನಿಗೋ ಹುರುಪು! ತೆರಿಗೆ ಮನ್ನಾ ಮಾಡಿದ, ಛತ್ರ ಕಟ್ಟಿಸೋಕೆ ಹೊರಟ. ಆಳು ಸಿಗಬೇಕಲ್ಲ? ಒಂದಕ್ಕೆರಡು ಕೂಲಿ ಕೊಟ್ಟು ಎಳ್ಕೊಂಡ. ಅಕ್ಕಿ, ಬೇಳೆ ಎಲ್ಲ ತುಟ್ಟಿ ಆಯ್ತು. ಉಕ್ಕೋ ಹಾಲಿಗೆ ಇನ್ನಷ್ಟು ಉರಿ ಇಟ್ಟ ಪುಣ್ಯಾತ್ಮ. ಜನ 'ಭಲೇ ಧಣಿ' ಅಂದ್ರು. ಅನ್ನದೇ ಇರ್ತಾರೆಯೇ?

ಮರುವರ್ಷ ಪೇಟೆ ಬಿತ್ತು. ಸೀರೆ ಕೇಳೋರಿಲ್ಲ. ಶ್ರೀಮಂತನಿಗೆ ಕೂತಲ್ಲಿ ಕೂರೋಕಾಗಲಿಲ್ಲ. ಜಗುಲಿಗೆ ಬಂದ, ಒಳಗೆ ಹೋದ, ಮತ್ತೆ ಬಂದ. ಕೊನೆಗೆ ಡಂಗುರ ಹೊಡೆಸಿದ: "ಕೆಟ್ಟ ಕಾಲ ಬಂದಿದೆ, ಇನ್ಮೇಲೆ ಧಣಿಗಳು ಕೈ ಹಿಡೀತಾರೆ!"

ಜನ ನಿಟ್ಟುಸಿರು ಬಿಟ್ಟರು. ಮಾರನೇ ದಿನ ಏನಾಯ್ತು? ಛತ್ರದ ಕೆಲಸ ನಿಂತಿತು, ತೆರಿಗೆ ಏರಿತು. ಕೂಲಿ ಇಲ್ಲದ ಗಾರೆಯವನು ಅಂಗಡಿಗೆ ಹೋಗಲಿಲ್ಲ. ಅಂಗಡಿಯವನ ಹೆಂಡತಿ ಸೀರೆ ಕೊಳ್ಳಲಿಲ್ಲ. ಉಳಿದಿದ್ದ ಮಗ್ಗಗಳೂ ನಿಂತವು. ತೆರಿಗೆ ಕೊಡೋರು ಯಾರು ಸ್ವಾಮಿ? ಹನ್ನೊಂದು ಮನೆಯವರು ಮಗ್ಗ ಬಿಚ್ಚಿ ಗಾಡಿಗೆ ಹೇರಿದರು. ಹೀಗೇ ಬಿಟ್ರೆ ಊರೇ ಖಾಲಿ! ಶ್ರೀಮಂತ ಓಡೋಡಿ ಹೋಗಿ ಗಾಡಿಗೆ ಅಡ್ಡ ನಿಂತ.

ಗಾಡಿಯಲ್ಲಿ ಕೂತಿದ್ದ ನೇಕಾರರ ಮುದುಕಿಯೊಬ್ಬಳು ಕೇಳಿದಳು, "ಕೈ ಹಿಡೀತೀನಿ ಅಂತ ಡಂಗುರ ಸಾರಿಸಿದ್ರಿ. ನಾವು ಕೈ ಚಾಚಿ ಕಾದ್ವಿ. ಯಾರ ಕೈ ಹಿಡಿದ್ರಿ, ಧಣಿ?"

ಅವನು ದಂಗಾದ. ಅವನು ಹೇಳಿದ್ದು ಖರ್ಚಿಗೆ ಕೈ ಬಿಗಿ ಹಿಡಿಯೋದು. ಊರು ಕೇಳಿಸಿಕೊಂಡಿದ್ದು ಬಿದ್ದವನ ಕೈ ಹಿಡಿಯೋದು. ಊರು ಕೇಳಿದ್ದೇ ಸರಿ ಅಂತ ಅವನಿಗೆ ಆಗ ಗೊತ್ತಾಯ್ತು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಛತ್ರದ ಕೆಲಸ ಶುರು ಮಾಡ್ತೀನಿ ಅಂತ ಬೊಕ್ಕಸ ತೆಗೆಸಿದ. ಅಯ್ಯೋ, ಸುಗ್ಗಿಯ ವರ್ಷದಲ್ಲೇ ಎಲ್ಲ ಬಳಿದು ಹಾಕಿದ್ದನಲ್ಲ! ಇದ್ದದ್ದರಲ್ಲಿ ಮೂರು ಮನೆಗೆ ಕೆಲಸ ಕೊಟ್ಟ. ಉಳಿದ ಎಂಟು ಗಾಡಿ ಹೋಗೇಬಿಟ್ಟವು.

ನಗ್ತೀರಾ? ನಗಬೇಡಿ. ಇಲ್ಲಿ ಪಂಚಾಯ್ತಿ ಮೆಂಬರುಗಳೂ ಕೂತಿದ್ದೀರಿ, ಮನೆ ಯಜಮಾನರೂ ಕೂತಿದ್ದೀರಿ. ವ್ಯಾಪಾರ ಕುದುರಿದ ವರ್ಷ ಗೊಣಗದೆ ಕಂದಾಯ ಕಟ್ಟಿ. ಮದುವೆ ಶಾಮಿಯಾನ ಚಿಕ್ಕದು ಮಾಡಿ, ಉಳಿದ ದುಡ್ಡು ತೆಗೆದಿಡಿ. ಸೋರೋ ಸೂರು, ಒಡೆದ ಚರಂಡಿ, ಇವನ್ನೆಲ್ಲ ಕೆಲಸವಿಲ್ಲದ ಕಾಲದಲ್ಲಿ ಮಾಡಿಸಿ. ಆಗಲೇ ನಾಲ್ಕು ಜನರ ಒಲೆ ಉರಿಯೋದು. ಮತ್ತೆ ತಾಯಂದಿರೇ, ಮನೆಯಲ್ಲಿ ಕೈ ಬಿಗಿಯಾಯ್ತು ಅಂದ ತಕ್ಷಣ ಮೊದಲು ಬಿಡಿಸೋದು ಪಾತ್ರೆ ತಿಕ್ಕೋಳನ್ನೇ ಅಲ್ಲವೇ? ನಾಳೆ ಬೆಳಿಗ್ಗೆ ನೀವೇ ಅವಳ ಮನೆ ಬಾಗಿಲಿಗೆ ಹೋಗಿ ಕೆಲಸಕ್ಕೆ ವಾಪಸ್ ಕರೀರಿ.