ಬಿಚ್ಚಿಟ್ಟ ಏರ್ ಫಿಲ್ಟರ್

ಚನ್ನಪಟ್ಟಣದ ನಿಲ್ದಾಣದಲ್ಲಿ ಕನಕಪುರದ ಬಸ್ಸಿಗೆ ಕಾಯುತ್ತಿದ್ದ ಬೈರಮ್ಮನ ಪಕ್ಕದಲ್ಲೇ ಬೊಂಬೆ ಕಡೆಯುವ ಇಸ್ರಾರನೂ ಮೆಕ್ಯಾನಿಕ್ ಬಾಲರಾಜುವೂ ನಿಂತಿದ್ದರು. ಬೇಡವೆಂದರೂ ಅವರ ಮಾತು ಅವಳ ಕಿವಿಗೆ ಬೀಳುತ್ತಿತ್ತು.

“ನಮ್ಮ ಅಬ್ಬಾ ತಂದ ಡೀಸೆಲ್ ಎಂಜಿನ್ನು ಬಾಲರಾಜಣ್ಣ. ಕರೆಂಟಿಲ್ಲದಾಗ ಬೊಂಬೆ ಕಡಿಯೋ ಲೇತು ಓಡ್ಸಿದ್ದೇ ಅದು. ಈಗ ಸ್ಟಾರ್ಟೇ ಆಗಲ್ಲ, ತಿರುಗ್ಸಿದ್ರೆ ಹ್ಯಾಂಡ್ಲು ಬಿಗೀನೇ ಇಲ್ಲ.”

“ಕಂಪ್ರೆಶನ್ ಹೋಗೈತೆ ಭಾಯ್, ಒಳಗೆ ಗಾಳಿ ಒತ್ತಡ ನಿಲ್ತಿಲ್ಲ. ಸಿಲಿಂಡರಿಗೆ ಒಸಿ ಆಯಿಲ್ ಬುಟ್ಮೇಲೆ ಬಿಗಿ ಬಂತಲ್ಲ? ವಾಲ್ವ್ ಸರಿಯಾಗವೆ, ಪಿಸ್ಟನ್ ರಿಂಗೂ ಸಿಲಿಂಡರಿನ ಒಳಗೋಡೇನೂ ಸವೆದವೆ.”

“ಅದೆಂಗೆ?”

“ಮರದ ಧೂಳು ಒಳಗೋಗೈತೆ. ಧೂಳು ತಡೆಯೋ ಏರ್ ಫಿಲ್ಟರ್ ಎಲ್ಲಿ?”

“ಗಳಿಗೆಗೊಂದ್ಸಲ ಅದ್ರಲ್ಲಿ ಧೂಳು ಕಟ್ಕೊಂಡು ಎಂಜಿನ್ನು ಉಸಿರುಗಟ್ತಿತ್ತು. ಹೋದ್ವರ್ಷ ನಾನೇ ಬಿಚ್ದೆ.”

“ತೊಳ್ದು ಹಾಕಿದ್ರೆ ಸಾಕಿತ್ತಲ್ಲ ಭಾಯ್.”

ಬೆಂಗಳೂರಿನ ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟ ಇಸ್ರಾರ್ ತಿರುಗಿ ಹೇಳಿದ:

“ಫಿಲ್ಟರ್ ಹಾಳಾಗ್ಬಾರ್ದು ಅಂತ ಬಟ್ಟೇಲಿ ಸುತ್ತಿ ಕಪಾಟ್ನಲ್ಲಿಟ್ಟಿದೀನಿ. ಇನ್ನೂ ಹೊಸದ್ರಂಗೇ ಐತೆ.”